ಚಿತ್ರ ನೋಡಲು ಹೋಗುವಾಗ ಏನು ಒಯ್ಯಬೇಕು?

ಪರಿಚಿತರೊಬ್ಬರು ಮೊನ್ನೆ ಪತ್ನಿಯೊಂದಿಗೆ ಮನೆಗೆ ಬಂದಿದ್ದರು. ಅವರ ಮಗ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಬರುವ ರಜೆಯಲ್ಲಿ ದಂಪತಿ ಅಲ್ಲಿಗೆ ಹೊರಟಿದ್ದಾರೆ. ಮಗ ಕಳಿಸಿದ ನಾಲ್ಕು ದಿನಗಳ ಕಾರ್ಯಕ್ರಮ ಪಟ್ಟಿಯನ್ನು ನನಗೆ ತೋರಿಸಿದರು. ಅರಮನೆ, ಉದ್ಯಾನ, ಫುಟ್ಬಾಲ್ ಕ್ರೀಡಾಂಗಣಗಳ ನಡುವೆ ಒಂದು ಸಾಲು ಹೀಗಿತ್ತು: ‘ಸಂಜೆ 7ರಿಂದ 7.30, ಗೆರ್ನಿಕಾ’.

"ಇದೇನು ಸರ್, ಒಂದೇ ಒಂದು ಚಿತ್ರಕ್ಕೆ ಅರ್ಧ ಗಂಟೆಯೇ? ಹತ್ತು ನಿಮಿಷ ಸಾಲದೇ?" ಎಂದು ಕೇಳಿದರು.

ಉತ್ತರ ಕೂಡಲೇ ಹೊಳೆಯಲಿಲ್ಲ. ಪ್ರವಾಸದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಪಿಕಾಸೊನ ಆ ಚಿತ್ರ ರೈನಾ ಸೋಫಿಯಾ ವಸ್ತುಸಂಗ್ರಹಾಲಯದ ಎರಡನೆಯ ಮಹಡಿಯಲ್ಲಿದೆ. ಮಂಗಳವಾರ ಅಲ್ಲಿಗೆ ರಜೆ. ಉಳಿದ ಹೆಚ್ಚಿನ ದಿನಗಳಲ್ಲಿ ಸಂಜೆ ಏಳರ ನಂತರ ಪ್ರವೇಶ ಉಚಿತ. ಆಗ ಸಾಲು ಉದ್ದ. ಅದರ ಛಾಯಾಚಿತ್ರ ತೆಗೆಯಲು ಸುಮಾರು 30 ವರ್ಷ ಇದ್ದ ನಿಷೇಧವನ್ನು 2023ರಲ್ಲಿ ತೆಗೆದುಹಾಕಿದರು. ಹಾಗಾಗಿ ಈಗ ಚಿತ್ರಕ್ಕೆ ಬೆನ್ನು ಹಾಕಿ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಬರಲು ಹತ್ತು ನಿಮಿಷವೂ ಬೇಡ. ಆದರೆ ಹಾಗೆ ಬಂದವರು ಆ ಚಿತ್ರವನ್ನು ನೋಡಿದಂತಾಯಿತೇ? ಸಾಯುತ್ತಿರುವವರ ಚಿತ್ರದ ಮುಂದೆ ನಿಲ್ಲುವವನಿಗೆ ಏನಾದರೂ ಜವಾಬ್ದಾರಿ ಇದೆಯೇ? ಅಥವಾ ಅದೂ ಅರಮನೆ, ಉದ್ಯಾನಗಳಂತೆ ನೋಡಿ ಮುಗಿಸುವ ಒಂದು ಸ್ಥಳವೇ?

1937ರ ಏಪ್ರಿಲ್ 26. ಸ್ಪೇನಿನಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಚುನಾಯಿತ ಸರಕಾರದ ವಿರುದ್ಧ ಜನರಲ್ ಫ್ರಾಂಕೊ ದಂಗೆಯೆದ್ದಿದ್ದ. ಅವನ ಬೆಂಬಲಕ್ಕೆ ಹಿಟ್ಲರ್ ಮತ್ತು ಮುಸೊಲಿನಿ ವಿಮಾನಗಳನ್ನು ಕಳಿಸಿದ್ದರು. ಉತ್ತರದ ಬಾಸ್ಕ್ ಪ್ರದೇಶದ ಗೆರ್ನಿಕಾ ಎಂಬ ಸಣ್ಣ ಪಟ್ಟಣದಲ್ಲಿ ಸೋಮವಾರ ಸಂತೆಯ ದಿನ. ಅಂದು ಸಂಜೆ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಮೂರು ಗಂಟೆಗೂ ಹೆಚ್ಚು ಕಾಲ ಅಲೆ ಅಲೆಯಾಗಿ ಬಂದು ಬಾಂಬ್ ಸುರಿಸಿದವು. ಓಡುತ್ತಿದ್ದವರ ಮೇಲೆ ಗುಂಡು ಹಾರಿಸಿದವು. ಬೆಂಕಿ ಬಾಂಬುಗಳಿಂದ ಊರಿನ ಬಹುಪಾಲು ಸುಟ್ಟುಹೋಯಿತು. ಸತ್ತವರು 1,654 ಎಂದು ಬಾಸ್ಕ್ ಸರಕಾರ ಹೇಳಿತು. ನಂತರದ ಇತಿಹಾಸಕಾರರಲ್ಲಿ ಹಲವರು ಆ ಸಂಖ್ಯೆಯನ್ನು 150ರಿಂದ 300ರ ನಡುವೆ ಇಡುತ್ತಾರೆ. ಸಂಖ್ಯೆ ಇಳಿದಷ್ಟೂ ಅಪರಾಧ ಇಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಫ್ರಾಂಕೊ ಪಕ್ಷ ಬಾಂಬ್ ದಾಳಿ ನಡೆದೇ ಇಲ್ಲವೆಂದಿತು. ಓಡಿಹೋಗುತ್ತಿದ್ದ ಎದುರಾಳಿಗಳೇ ಊರಿಗೆ ಬೆಂಕಿ ಇಟ್ಟರೆಂದು ಸಾರಿತು. ಕೊಂದವರು ಸತ್ತವರ ಮೇಲೆಯೇ ತಪ್ಪು ಹೊರಿಸುವುದು ನಮಗೆ ಹೊಸತಲ್ಲ. ಆದರೆ ಪತ್ರಕರ್ತ ಜಾರ್ಜ್ ಸ್ಟೀರ್ ಅದೇ ರಾತ್ರಿ ಆ ಊರಿಗೆ ಹೋಗಿ ಕಣ್ಣಾರೆ ಕಂಡದ್ದನ್ನು ಬರೆದರು. ಲಂಡನ್ನಿನ ‘ದಿ ಟೈಮ್ಸ್’ ಅದನ್ನು ಏಪ್ರಿಲ್ 28ರಂದು ಪ್ರಕಟಿಸಿತು. ಪ್ಯಾರಿಸ್‌ನಲ್ಲಿದ್ದ ಪಿಕಾಸೊಗೆ ಅಲ್ಲಿನ ವಸ್ತುಪ್ರದರ್ಶನದ ಸ್ಪೇನ್ ಮಂಟಪಕ್ಕಾಗಿ ದೊಡ್ಡ ಚಿತ್ರವೊಂದನ್ನು ಮಾಡಿಕೊಡುವಂತೆ ಕೆಲವು ತಿಂಗಳ ಹಿಂದೆಯೇ ಕೋರಲಾಗಿತ್ತು. ವಿಷಯ ಸಿಕ್ಕದೆ ಅವನು ಸುಮ್ಮನಿದ್ದ. ಪತ್ರಿಕೆಗಳಲ್ಲಿ ಈ ಸುದ್ದಿ ಬಂದ ಮೇಲೆ ಮೇ 1ರಂದು ಮೊದಲ ರೇಖಾಚಿತ್ರ ಬರೆದ. ಜೂನ್ ಆರಂಭದಲ್ಲಿ ಚಿತ್ರ ಮುಗಿಯಿತು. ಎತ್ತರ ಸುಮಾರು ಮೂರೂವರೆ ಮೀಟರ್, ಅಗಲ ಏಳೂಮುಕ್ಕಾಲು ಮೀಟರ್. ವೃತ್ತಪತ್ರಿಕೆಯ ಹಾಗೆ ಬರೀ ಕಪ್ಪು, ಬಿಳಿ, ಬೂದು ಬಣ್ಣ.

ಚಿತ್ರದಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂಬುದನ್ನು ಗಮನಿಸಬೇಕು. ವಿಮಾನವಿಲ್ಲ. ಬಾಂಬ್ ಇಲ್ಲ. ಯಾವ ದೇಶದ ಬಾವುಟವೂ ಇಲ್ಲ, ಶತ್ರುವಿನ ಮುಖವೂ ಇಲ್ಲ. ಸತ್ತ ಮಗುವನ್ನು ಹಿಡಿದು ಮುಖ ಮೇಲೆತ್ತಿ ಚೀರುವ ತಾಯಿ, ಉರಿಯುವ ಮನೆಯಲ್ಲಿ ಕೈಯೆತ್ತಿದ ಹೆಂಗಸು, ಕಾಲೆಳೆಯುತ್ತ ಬರುವ ಇನ್ನೊಬ್ಬಳು, ಕಿಟಕಿಯಿಂದ ದೀಪ ಚಾಚಿದ ಮತ್ತೊಬ್ಬಳು, ನೋವಿನಿಂದ ಕೆನೆಯುವ ಕುದುರೆ, ದಿಕ್ಕೆಟ್ಟು ನಿಂತ ಗೂಳಿ. ಇರುವ ಒಬ್ಬನೇ ಗಂಡಸು ಮುರಿದ ಕತ್ತಿ ಹಿಡಿದು ನೆಲದಲ್ಲಿ ತುಂಡಾಗಿ ಬಿದ್ದಿದ್ದಾನೆ. ಶೀರ್ಷಿಕೆಯನ್ನು ಮರೆಮಾಡಿದರೆ ಇದು ಯಾವ ಊರೆಂದು ಹೇಳಲಾಗದು. ಹಲಬ್ಜ ಇರಬಹುದು, ಅಲೆಪ್ಪೊ ಇರಬಹುದು, ಮರಿಯುಪೋಲ್ ಇರಬಹುದು, ಗಾಜಾ ಇರಬಹುದು.

ಪ್ಯಾರಿಸ್ ಪ್ರದರ್ಶನದ ನಂತರ ಈ ಚಿತ್ರ ಊರೂರು ಸುತ್ತಿತು. 1939ರ ಜನವರಿಯಲ್ಲಿ ಲಂಡನ್ನಿನ ಪೂರ್ವಭಾಗದ ಬಡ ಕಾರ್ಮಿಕರ ಬಡಾವಣೆಯಲ್ಲಿರುವ ವೈಟ್‌ಚಾಪೆಲ್ ಗ್ಯಾಲರಿಗೆ ಬಂತು. ಅಲ್ಲಿ ಪ್ರವೇಶಕ್ಕೆ ಕೇಳಿದ್ದು ಒಂದು ಜೊತೆ ಬೂಟು! ಸ್ಪೇನಿನಲ್ಲಿ ಫ್ರಾಂಕೊ ವಿರುದ್ಧ ಹೋರಾಡುತ್ತಿದ್ದವರಿಗೆ ಕಳಿಸಲು ಯೋಗ್ಯವಾದ, ಹಾಕಿಕೊಳ್ಳಲು ಬರುವ ಬೂಟು. ಚಿತ್ರದ ಕೆಳಗೆ ಬೂಟುಗಳ ಸಾಲು ಬೆಳೆಯಿತು.

ಚಿತ್ರ ನೋಡುವ ನೀತಿಯ ಬಗ್ಗೆ ನಾನು ಬಲ್ಲ ಅತ್ಯಂತ ಸರಳ ಪಾಠ ಇದು. ನೋಡುವುದಕ್ಕೆ ಬೆಲೆಯಿದೆ. ಆದರೆ ಆ ಬೆಲೆ ಚಿತ್ರಕ್ಕೂ ಗ್ಯಾಲರಿಗೂ ಸಲ್ಲುವುದಲ್ಲ, ಚಿತ್ರದಲ್ಲಿರುವವರಿಗೆ ಸಲ್ಲಬೇಕಾದದ್ದು.

"ಬೂಟು ಕೊಟ್ಟು ಏನಾಯಿತು?" ಎಂದು ಯಾರಾದರೂ ಕೇಳಿದರೆ ಅದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಏನೂ ಆಗಲಿಲ್ಲ. ಎರಡೇ ತಿಂಗಳಲ್ಲಿ ಮ್ಯಾಡ್ರಿಡ್ ಫ್ರಾಂಕೊನ ವಶವಾಯಿತು. ಮರುವರ್ಷ ಅದೇ ಲಂಡನ್ನಿನ ಪೂರ್ವಭಾಗದ ಮೇಲೆ ಬಾಂಬುಗಳು ಬಿದ್ದವು. ಈ ಚಿತ್ರ ಒಂದು ಬಾಂಬನ್ನೂ ತಡೆಯಲಿಲ್ಲ, ಒಂದು ಮಗುವನ್ನೂ ಉಳಿಸಲಿಲ್ಲ. ಹಾಗಾದರೆ ಯಾಕೆ ನೋಡಬೇಕು?

ಇದಕ್ಕೆ ಉತ್ತರವನ್ನು ಚಿತ್ರದ ಅಭಿಮಾನಿಗಳಿಂದಲ್ಲ, ಅದಕ್ಕೆ ಹೆದರಿದವರಿಂದ ಕಲಿಯಬಹುದು. ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಾಗಿಲ ಬಳಿ 1985ರಿಂದ ಈ ಚಿತ್ರದ ನೇಯ್ದ ಪ್ರತಿಯೊಂದು ತೂಗುತ್ತಿತ್ತು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಇರಾಕ್ ಮೇಲಿನ ಯುದ್ಧಕ್ಕೆ ಸಮರ್ಥನೆ ಮಂಡಿಸಲು ಬಂದಾಗ ಅದರ ಮೇಲೆ ನೀಲಿ ಪರದೆ ಹಾಕಲಾಗಿತ್ತು. ಟಿವಿ ಕ್ಯಾಮರಾಗಳಿಗೆ ಸರಳ ಹಿನ್ನೆಲೆ ಬೇಕಿತ್ತು ಎಂದು ಅಧಿಕಾರಿಗಳು ವಿವರಣೆ ಕೊಟ್ಟರು. ಇರಬಹುದು. ಆದರೂ ಚೀರುವ ತಾಯಿಯ ಮುಂದೆ ನಿಂತು ಬಾಂಬ್ ದಾಳಿಗೆ ವಾದಿಸುವುದು ಕಷ್ಟವೆಂಬುದು ಪರದೆ ನೋಡಿದ ಎಲ್ಲರಿಗೂ ಅರ್ಥವಾಯಿತು. ಚಿತ್ರ ಬಾಂಬನ್ನು ತಡೆಯಲಾರದು. ಆದರೆ ಬಾಂಬ್ ಹಾಕುವವನು ನೆಮ್ಮದಿಯಿಂದ ಸುಳ್ಳು ಹೇಳದಂತೆ ತಡೆಯಬಲ್ಲದು.

ಇಲ್ಲಿಗೆ ನಿಲ್ಲಿಸಿದರೆ ನಮಗೆ ಸಮಾಧಾನ. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಚಿತ್ರ ಇಲ್ಲದವರ ಗತಿಯೇನು? ವಿಮಾನದಿಂದ ಬಾಂಬ್ ಎಸೆಯುವ ಪದ್ಧತಿ ಶುರುವಾದದ್ದು ಯುರೋಪಿನ ನೆಲದಲ್ಲಲ್ಲ, 1911ರಲ್ಲಿ ಲಿಬಿಯಾದಲ್ಲಿ. ಎಸೆದವನು ಇಟಲಿಯ ಪೈಲಟ್. 1920ರ ದಶಕದಲ್ಲಿ ಮೊರೊಕ್ಕೊದ ರಿಫ್ ಗುಡ್ಡಗಾಡಿನ ಜನ ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದಾಗ ಸ್ಪೇನ್ ಅವರ ಹಳ್ಳಿಗಳ ಮೇಲೆ ವಿಷಾನಿಲದ ಬಾಂಬುಗಳನ್ನು ಹಾಕಿತು. ಗೆರ್ನಿಕಾದ ಹೆಸರು ಜಗತ್ತಿಗೆ ಗೊತ್ತು. ರಿಫ್‌ನ ಹಳ್ಳಿಗಳ ಹೆಸರು ಎಷ್ಟು ಜನರಿಗೆ ಗೊತ್ತು? ಅಲ್ಲಿನ ತಾಯಂದಿರು ಚೀರಿರಲಿಲ್ಲವೇ?

ಇದನ್ನು ನಮ್ಮವರು, ಅವರವರು ಎಂಬ ಲೆಕ್ಕಕ್ಕೆ ಇಳಿಸುವಂತಿಲ್ಲ. ಯಾಕೆಂದರೆ ಅದೇ ಮೊರೊಕ್ಕೊದಿಂದ ಹತ್ತಾರು ಸಾವಿರ ಮಂದಿ ಮುಂದೆ ಫ್ರಾಂಕೊನ ಸೈನ್ಯದಲ್ಲಿ ಸೇರಿ ಸ್ಪೇನಿನ ಜನರ ಮೇಲೆ ಹೋರಾಡಿದರು. ಬಡತನ ಅವರಲ್ಲಿ ಹಲವರನ್ನು ಅಲ್ಲಿಗೆ ಎಳೆದೊಯ್ದಿತ್ತು. ನಿನ್ನೆ ಬಾಂಬಿಗೆ ತುತ್ತಾದ ನಾಡಿನ ಮಕ್ಕಳು ಇಂದು ಬಾಂಬ್ ಹಾಕುವವನ ಕಡೆ ನಿಂತದ್ದು ಇತಿಹಾಸದ ಕಹಿ. ಪೀಡಿತನಾಗಿದ್ದೆ ಎಂಬ ಕಾರಣಕ್ಕೆ ಯಾರಿಗೂ ನ್ಯಾಯವಂತನ ಪಟ್ಟ ತಾನಾಗಿ ಸಿಗುವುದಿಲ್ಲ. ಆದ್ದರಿಂದ ಆ ಚಿತ್ರದ ಮುಂದೆ ನಿಂತಾಗ "ಅಯ್ಯೋ, ನಮ್ಮವರ ಗತಿಯೂ ಹೀಗೇ ಆಯಿತಲ್ಲ" ಎಂದಷ್ಟೇ ಮರುಗಿದರೆ ಅರ್ಧ ನೋಡಿದಂತೆ. "ನನ್ನ ಮೌನದಿಂದ, ನನ್ನ ಮೆಚ್ಚುಗೆಯಿಂದ ಯಾವ ಊರಿನ ಮೇಲೆ ಬಾಂಬ್ ಬಿದ್ದಿದೆ?" ಎಂದೂ ಕೇಳಿಕೊಂಡರೆ ನೋಟ ಪೂರ್ತಿಯಾಗುತ್ತದೆ.

ಚಿತ್ರವೂ ಹಾಗೆಯೇ ಕಾದಿತ್ತು. ಸ್ಪೇನಿನಲ್ಲಿ ಜನರ ಸ್ವಾತಂತ್ರ್ಯ ಮರಳುವ ತನಕ ಅದು ಅಲ್ಲಿಗೆ ಹೋಗಕೂಡದು ಎಂಬುದು ಪಿಕಾಸೊನ ಷರತ್ತು. ಅವನು 1973ರಲ್ಲಿ ತೀರಿಕೊಂಡ, ಫ್ರಾಂಕೊ 1975ರಲ್ಲಿ. ಚಿತ್ರ ನ್ಯೂಯಾರ್ಕಿನಿಂದ ಮ್ಯಾಡ್ರಿಡ್ ತಲುಪಿದ್ದು 1981ರಲ್ಲಿ. ಆಗ ಅದನ್ನು ಗುಂಡು ನಿರೋಧಕ ಗಾಜಿನ ಹಿಂದೆ ಇಟ್ಟು ಕಾವಲು ಹಾಕಿದ್ದರು. ಇಂದು ಗಾಜಿಲ್ಲ. ನೋಡುವವರು ಮತ್ತು ಚಿತ್ರದ ನಡುವೆ ಇರುವುದು ಹೆಚ್ಚಾಗಿ ಎತ್ತಿ ಹಿಡಿದ ಮೊಬೈಲುಗಳು.

ಇಷ್ಟನ್ನೂ ಆ ದಂಪತಿಗೆ ಚಹಾ ಆರುವಷ್ಟು ಹೊತ್ತು ಹೇಳಿದೆ. ಅರ್ಧ ಗಂಟೆಯನ್ನು ಹತ್ತು ನಿಮಿಷ ಮಾಡಬೇಡಿ. ಹೋಗುವ ಮೊದಲು ಆ ಸೋಮವಾರದ ಕಥೆಯನ್ನು ಓದಿಕೊಳ್ಳಿ. ಫೋಟೋ ಬೇಕಿದ್ದರೆ ಹೊರಡುವ ಮುಂಚೆ ತೆಗೆಯಿರಿ, ಬಂದ ಕೂಡಲೇ ಅಲ್ಲ ಎಂದೆ. ಉಚಿತ ಸಮಯದಲ್ಲಿ ಹೋಗುವುದರಿಂದ ಟಿಕೆಟಿನ ಹಣ ಉಳಿಯುತ್ತದೆ. ಅದನ್ನು ಯುದ್ಧದಿಂದ ಮನೆ ಕಳಕೊಂಡ ಯಾರಿಗಾದರೂ ತಲುಪಿಸಿ, ಅದೇ ನಿಮ್ಮ ಒಂದು ಜೊತೆ ಬೂಟು ಎಂದೆ.

ಅಷ್ಟರವರೆಗೆ ಸುಮ್ಮನೆ ಕೇಳುತ್ತಿದ್ದ ಅವರ ಪತ್ನಿ, "ಆ ಊರು ಈಗಲೂ ಇದೆಯಾ?" ಎಂದು ವಿಚಾರಿಸಿದರು.

ಇದೆ. ಪೂರ್ತಿ ಮತ್ತೆ ಕಟ್ಟಿಕೊಂಡಿದ್ದಾರೆ. ಮೂಲ ಚಿತ್ರವನ್ನು ತಮ್ಮಲ್ಲಿಗೆ ಕೊಡಿ ಎಂದು ಬಾಸ್ಕ್ ಜನ ಹಲವು ಬಾರಿ ಕೇಳಿದರೂ ಅದು ತೀರಾ ನಾಜೂಕು, ಸಾಗಿಸಲಾಗದು ಎಂಬ ಉತ್ತರ ಬಂದಿದೆ. ಅಲ್ಲಿರುವುದು ಗೋಡೆಯೊಂದರ ಮೇಲೆ ಹೆಂಚಿನ ಬಿಲ್ಲೆಗಳಲ್ಲಿ ಮಾಡಿದ ಪ್ರತಿ ಮಾತ್ರ. ಆದರೆ ಆ ಊರಿನಲ್ಲಿ ಈಗಲೂ ಸೋಮವಾರದ ಸಂತೆ ನಡೆಯುತ್ತದೆ.

"ಹಾಗಾದರೆ ಮಗನಿಗೆ ಹೇಳಿ ಒಂದು ಸೋಮವಾರ ಆ ಸಂತೆಗೂ ಹೋಗಿಬರೋಣ" ಎಂದರು ಆಕೆ ಪತಿಯ ಕಡೆ ತಿರುಗಿ. ಅವರು ಪಟ್ಟಿ ತೆಗೆದು ಫುಟ್ಬಾಲ್ ಕ್ರೀಡಾಂಗಣದ ಸಾಲಿನ ಮೇಲೆ ಗೀಟು ಹಾಕಿದರು.