ಬಳ್ಳಿಗೆ ಕಾಯಿ ಭಾರವೇ?

ಶಿಕಾರಿಪುರ, ಸೊರಬದ ಕಡೆ ಮನೆಮಟ್ಟಿಗೆ ಚೀನಿಕಾಯಿ, ಅಂದರೆ ಸಿಹಿಗುಂಬಳ, ಬೆಳೆಯಲು ದೊಡ್ಡ ಸಿದ್ಧತೆಯೇನೂ ಬೇಕಿಲ್ಲ. ಮುಂಗಾರಿನ ಮೊದಲ ಮಳೆಗೆ ಗೊಬ್ಬರಗುಂಡಿಯ ಅಂಚಿನಲ್ಲಿ ನಾಲ್ಕು ಬೀಜ ಊರಿದರೆ ಆಯಿತು. ಬಳ್ಳಿ ತಾನಾಗಿ ಬೇಲಿ ಹತ್ತುತ್ತದೆ, ಕೊಟ್ಟಿಗೆಯ ಮಾಡಿಗೆ ಹಬ್ಬುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಸರಿಸಿ ನೋಡಿದರೆ ಎರಡು ಕೈಯಲ್ಲಿ ಎತ್ತಬೇಕಾದ ಕಾಯಿ! ಬೆರಳು ಗಾತ್ರದ ಬಳ್ಳಿ ಇದನ್ನು ಹೇಗೆ ಸಾಕಿತು? ‘ಬಳ್ಳಿಗೆ ಕಾಯಿ ಭಾರವೇ’ ಎಂದು ಹಿರಿಯರು ಕೇಳುವುದು ಹೆತ್ತವರನ್ನು, ಮಕ್ಕಳನ್ನು ಕುರಿತು. ಉತ್ತರ ಬಯಸಿ ಕೇಳಿದ್ದಲ್ಲ ಅದು. ಆದರೂ ಒಮ್ಮೆ ಬಳ್ಳಿಯನ್ನೇ ಕೇಳಬೇಕೆನ್ನಿಸುತ್ತದೆ.

ಕೇಳುವುದಾದರೆ ಅತಿ ಭಾರ ಹೊತ್ತ ಬಳ್ಳಿಯನ್ನೇ ಕೇಳಬೇಕು. 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಊರಿನಲ್ಲಿ ತೂಗಿದ ಒಂದು ಕುಂಬಳ 1,247 ಕಿಲೊ ಇತ್ತು. 2025ರಲ್ಲಿ ಇಂಗ್ಲೆಂಡಿನ ಪ್ಯಾಟನ್ ಅವಳಿ ಸಹೋದರರ ಕಾಯಿ 1,278 ಕಿಲೊ ತೂಗಿ ಆ ದಾಖಲೆ ಮುರಿಯಿತು. ಇಂಥ ದೈತ್ಯರ ಮೂಲ ಕೆನಡಾದ ನೋವಾ ಸ್ಕೋಶಿಯಾದ ರೈತ ಹೊವಾರ್ಡ್ ಡಿಲ್ ವರ್ಷಗಟ್ಟಲೆ ಆಯ್ದು ಆಯ್ದು ರೂಪಿಸಿದ ‘ಅಟ್ಲಾಂಟಿಕ್ ಜಯಂಟ್’ ತಳಿ. ಬೆಳೆಗಾರರ ಆರೈಕೆಯೂ ಅಷ್ಟೇ ಹಟದ್ದು. ಬೆಳಗಿನ ಜಾವ ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಮಿಡಿ ಹೊತ್ತ ಹೆಣ್ಣು ಹೂವಿಗೆ ತಾವೇ ಪರಾಗ ಮುಟ್ಟಿಸುತ್ತಾರೆ. ಒಂದೇ ಮಿಡಿ ಉಳಿಸಿ ಮಿಕ್ಕದ್ದನ್ನೆಲ್ಲ ಚಿವುಟುತ್ತಾರೆ. ಬಳ್ಳಿಯ ಗೆಣ್ಣುಗಳಿಗೆ ಮಣ್ಣು ಮುಚ್ಚುತ್ತಾರೆ. ಪ್ರತಿ ಗೆಣ್ಣೂ ಬೇರು ಬಿಟ್ಟು ಉಣ್ಣತೊಡಗುತ್ತದೆ. ಸಿಪ್ಪೆ ಬಿಸಿಲಿಗೆ ಬಲಿತು ಬಿರಿಯದಂತೆ ಕಾಯಿಗೆ ನೆರಳು ಕಟ್ಟುತ್ತಾರೆ. ಬೆಳವಣಿಗೆಯ ಭರದಲ್ಲಿ ಅದು ದಿನಕ್ಕೆ ಇಪ್ಪತ್ತು ಕಿಲೊವರೆಗೂ ಏರುವುದುಂಟು.

ಅಷ್ಟು ಬೆಳೆಯಬೇಕಾದರೆ ಎಲೆಗಳಿಗೆ ಅಸಾಧಾರಣ ಶಕ್ತಿ ಇರಬೇಕು ಎಂದುಕೊಳ್ಳುತ್ತೇವೆ. 2015ರಲ್ಲಿ ಸಸ್ಯವಿಜ್ಞಾನಿ ಜೆಸ್ಸಿಕಾ ಸ್ಯಾವೇಜ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಕಂಡದ್ದೇ ಬೇರೆ. ದೈತ್ಯ ತಳಿಯ ಎಲೆ ಬಿಸಿಲಿನಿಂದ ಸಕ್ಕರೆ ಮಾಡುವ ವೇಗ ಸಾಧಾರಣ ತಳಿಗಿಂತ ಹೆಚ್ಚಿರಲಿಲ್ಲ. ಹೆಚ್ಚಿದ್ದದ್ದು ಆ ಸಕ್ಕರೆ ಸಾಗಿಸುವ ನಾಳಗಳು. ಶಿಕಾರಿಪುರದ ಅಂಜನಾಪುರ ಜಲಾಶಯಕ್ಕೆ ಎಷ್ಟೇ ನೀರು ಬರಲಿ, ಗದ್ದೆಗೆ ಎಷ್ಟು ತಲುಪೀತೆಂಬುದು ಕಾಲುವೆಯ ಅಗಲದ ಮೇಲಿದೆಯಲ್ಲವೇ, ಹಾಗೆ. ಗಳಿಕೆ ಅಷ್ಟೇ, ತಲುಪಿಸುವ ದಾರಿ ದೊಡ್ಡದು.

ಕೊಟ್ಟಿಗೆ ಪಕ್ಕದ ಬಳ್ಳಿಗೆ ಮಿಡಿ ಚಿವುಟುವವರಿಲ್ಲ. ಆದರೆ ಅದಕ್ಕೂ ಲೆಕ್ಕ ಗೊತ್ತು. ಒಂದೆರಡು ಕಾಯಿ ಕಚ್ಚಿ ದಪ್ಪವಾಗತೊಡಗಿದರೆ ಆಮೇಲಿನ ಮಿಡಿಗಳನ್ನು ತಾನೇ ಉದುರಿಸುತ್ತದೆ. ಎಳೆಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ಮಕ್ಕಳನ್ನು ಗದರುವುದುಂಟು. ಜೇನ್ನೊಣ ಬಾರದ ಹೂವು, ಹಣ್ಣುನೊಣ ಚುಚ್ಚಿದ ಮಿಡಿ, ಬಳ್ಳಿಯೇ ಬೇಡವೆಂದ ಮಿಡಿ, ಎಲ್ಲದರ ತಪ್ಪೂ ಆ ಬೆರಳಿನ ಮೇಲೆ!

ಹಾಗಾದರೆ ಭಾರವೇ? ಭಾರವೇ. ತಡೆಯದಷ್ಟಾದರೆ ಬಳ್ಳಿ ಬೇಡವೆನ್ನುತ್ತದೆ. ಉಳಿಸಿಕೊಂಡದ್ದರ ಭಾರವೂ ಒಂದೇ ದಿನ ಬಂದು ಕೂರುವುದಿಲ್ಲ. ಕಾಯಿ ಹಿಗ್ಗಿದಂತೆ ತೊಟ್ಟೂ ದಪ್ಪವಾಗುತ್ತದೆ, ಹೊರುವ ಬಲ ಹೊರುತ್ತಲೇ ಬರುತ್ತದೆ. ನೆಲದಲ್ಲಿ ಹಬ್ಬಿದ ಬಳ್ಳಿಯಾದರೆ ತೂಕ ಹೊರುವುದು ನೆಲವೇ. ದೈತ್ಯ ಕುಂಬಳ ತನ್ನ ತೂಕಕ್ಕೆ ತಾನೇ ಕುಸಿದು, ಚಪ್ಪಟೆಯಾಗಿ ಮಣ್ಣಿಗೆ ಒರಗಿರುತ್ತದೆ.

ಅಲ್ಲಿ ಕುಂಬಳ ತೂಗುವ ಕಾಲಕ್ಕೇ ಇಲ್ಲಿ ಭೂಮಿ ಹುಣ್ಣಿಮೆ. ತೆನೆಗಟ್ಟುವ ಭತ್ತದ ಗದ್ದೆಯನ್ನು ಬಸುರಿಯೆಂದು ಬಗೆದು ಬಯಕೆಯೂಟ ಬಡಿಸುವ ಹಬ್ಬ. ದೀವರ ಸಮುದಾಯದ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ನಸುಕಿನಲ್ಲೇ ಗದ್ದೆಗೆ ಹೋಗುತ್ತದೆ. ಚೀನಿಕಾಯಿ ಕಡುಬಿಗೂ ಇದೇ ಕಾಲ. ಸಿಹಿಗುಂಬಳದ ತವರು ಅಮೆರಿಕ ಖಂಡಗಳು. ಪೋರ್ಚುಗೀಸರ ಹಡಗುಗಳು ಬರುವ ಮೊದಲು ಈ ನೆಲ ಅದನ್ನು ಕಂಡಿರಲಿಲ್ಲ. ಅಷ್ಟು ದೂರದಿಂದ ಬಂದದ್ದು ಇಲ್ಲಿನ ಹಬ್ಬದಡುಗೆಗೆ ಸೇರಿಹೋಗಿದೆ.

ಇಡೀ ಕಾಯಿ ಒಂದು ಮನೆಗೆ ಹೆಚ್ಚು. ಹೆಚ್ಚಿದ ಮೇಲೆ ಅಕ್ಕಪಕ್ಕಕ್ಕೆ ಹೋಳು ಕೊಡಲೇಬೇಕು. ತಿರುಳಿನ ಬೀಜ ತೊಳೆದು ಒಣಗಿಸಿ ಎತ್ತಿಡುತ್ತಾರೆ. ದೈತ್ಯ ಬೆಳೆಯುವವರಿಗೆ ತಮ್ಮ ಬೀಜದ ತಂದೆ ಯಾರು, ತಾಯಿ ಯಾರು ಎಂಬುದು ತಲೆಮಾರುಗಳವರೆಗೂ ಗೊತ್ತು. ಇಲ್ಲಿ ಜೇನ್ನೊಣ ಯಾರ ಹಿತ್ತಲಿನ ಪರಾಗ ತಂದಿತ್ತೋ! ಒಂದೇ ಕಾಯಿಯ ಎರಡು ಬೀಜದಲ್ಲಿ ಒಂದರ ಕಾಯಿ ಗುಂಡಗಾದರೆ ಇನ್ನೊಂದರದು ಕೊರಳು ನೀಳವಾಗಿಯೂ ಬಂದೀತು. ಯಾವುದು ಹೇಗೆಂದು ತಿಳಿಯಲು ಮತ್ತೊಂದು ಮಳೆಗಾಲ ಕಳೆಯಬೇಕು.