ಖಾಲಿ ಜಾಗವೆಂಬ ಮಾತು

"ಅಲ್ಲೇನಿದೆ, ಬರೀ ಹುಲ್ಲು." ಚಳ್ಳಕೆರೆಯ ಕಾವಲುಗಳ ಬಗ್ಗೆ ಈ ಮಾತನ್ನು ಬಸ್ಸಿನಲ್ಲೂ ಕೇಳಿದ್ದೇನೆ, ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಒಂದು ಜಾಗವನ್ನು ಖಾಲಿ ಎನ್ನಲು ನಾವು ಯಾರು?

ಮೈಸೂರು ಒಡೆಯರ ಬೆಣ್ಣೆಚಾವಡಿಯ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಿವು. ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಕುರಿ ಮೇಯುವುದು ಇಲ್ಲಿ, ಕಂಬಳಿಗೆ ಉಣ್ಣೆ ಬರುವುದು ಇಲ್ಲಿಂದ. ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರ ದೇವರೆತ್ತುಗಳು ನಂಬಿರುವುದೂ ಇಂಥ ಬಯಲುಗಳನ್ನೇ. ಈಗ್ಗೆ ಹದಿನೈದು ವರ್ಷಗಳಿಗೂ ಹಿಂದೆ ಸಾವಿರಾರು ಎಕರೆ ಕಾವಲು ರಕ್ಷಣಾ ಸಂಶೋಧನೆ, ಅಣು, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಗೋಡೆಗಳೆದ್ದವು. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ದನಕುರಿಗಾದರೂ ಕೇಳುವವರಿದ್ದಾರೆ. ಹುಲ್ಲಿನ ನಡುವೆ ತುಂಬೆ ಹೂವಿನ ಮೇಲೆ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಪುಟ್ಟ ನೊಣವೊಂದಿದೆ. ಮೈಮೇಲೆ ಜೇನಿನಂಥ ಹಳದಿ ಪಟ್ಟೆ. ಆದರೆ ರೆಕ್ಕೆ ಎರಡೇ, ಕೊಂಡಿಯಿಲ್ಲ. ಈ ಜಾತಿಯ ಎಷ್ಟೋ ನೊಣಗಳ ಮರಿಹುಳುಗಳು ಬೆಳೆಯ ಹೇನುಗಳನ್ನು ತಿಂದು ಬದುಕುತ್ತವೆ. ಯೂರೋಪಿನಲ್ಲಿ ಇವನ್ನು ಎಣಿಸಿ ನೋಡಿ, ಸುಮಾರು 890 ಬಗೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಳಿವಿನ ಅಂಚಿನಲ್ಲಿವೆ ಎಂದು 2022ರಲ್ಲಿ ಹೇಳಿದರು. ನಮ್ಮ ಪಹಣಿಯಲ್ಲಿ ನೊಣಕ್ಕೆ ಕಾಲಂ ಇಲ್ಲ.

ವಿಜ್ಞಾನ ಬೇಡವೆನ್ನಲು ನನ್ನ ಬಾಯಿ ಬಾರದು. ಕುದಾಪುರದ ಆ ಆವರಣದಲ್ಲೇ ನಮ್ಮಂಥ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ; ಅದರ ಫಲ ಮಕ್ಕಳಿಗೂ ಸಿಗುತ್ತದೆ. ಹಾಗಾದರೆ ನೊಣದ ಪರ ಏನು ವಾದಿಸಲಿ? ಹೇನು ತಿನ್ನುತ್ತದೆ, ಉಪಕಾರಿ ಎನ್ನಲೇ? ನಾಳೆ ಅದಕ್ಕಿಂತ ಅಗ್ಗದ ಔಷಧಿ ಬಂದರೆ ನೊಣದ ಬೆಲೆ ಇಳಿದುಹೋಯಿತೇ?

ಈ ಲೆಕ್ಕ ನಮಗೆ, ಹೆಂಗಸರಿಗೆ, ಹೊಸದಲ್ಲ. ಬೆಳಿಗ್ಗೆ ಐದಕ್ಕೆದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಗೃಹಿಣಿಯನ್ನು ಜನಗಣತಿ 'ಕೆಲಸ ಮಾಡದವರು' ಎಂದು ಬರೆದುಕೊಂಡಿತು. ನಾವು ಮಾಡಿದ್ದು ಅವರ ಕಾಲಂನಲ್ಲಿ ಹಿಡಿಸಲಿಲ್ಲ, ಅಷ್ಟೆ. ಆದರೆ ಕೈಲಾಗದೆ ಮೂಲೆ ಹಿಡಿದ ಅಜ್ಜಿಗೆ ನಾವು ತುತ್ತಿಡುವುದು ಆಕೆಯ ಉಪಯೋಗ ನೋಡಿಯೇ? ಆಕೆ ಇದ್ದಾಳೆ, ಅದಕ್ಕೇ.

ನೊಣಕ್ಕೂ ಆ ಮಾತು ಸಲ್ಲಬೇಕೆಂದು ನನಗನ್ನಿಸುತ್ತದೆ. ದೇಶಕ್ಕೆ ಜಾಗ ಬೇಕಾದೀತು, ಬೇಕೆಂದೇ ಕೇಳಲಿ. ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಮೊದಲು ಎಣಿಸಲಿ, ಉಳಿಸಬಹುದಾದ ಹುಲ್ಲನ್ನು ಉಳಿಸಲಿ. ಖಾಲಿಯಿತ್ತು, ತೆಗೆದುಕೊಂಡೆವು ಎನ್ನುವುದು ಮಾತ್ರ ಬೇಡ.