ಬದುಕಿದ್ದವನ ಮರಣ ಪತ್ರ



ಧಮ್ಮ ಬಂಧು ಭಗಿನಿಯರೇ, ಸಾವಿನ ಮನೆಯ ಕಥೆ ನೋಡಿ ನಗುವುದು ಸರಿಯೇ? ಇಂದಿನ ಚಿಂತನೆ ಈ ಪ್ರಶ್ನೆಯ ಮೇಲೆ.

2015ರಲ್ಲಿ ರಾಮ್ ರೆಡ್ಡಿ ಅವರು 'ತಿಥಿ' ಎಂಬ ಸಿನಿಮಾ ಮಾಡಿದರು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಮಂಡ್ಯ ಸೀಮೆಯ ಹಳ್ಳಿಗರೇ ಅದರಲ್ಲಿ ನಟಿಸಿದ್ದಾರೆ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. 11ನೇ ದಿನ ತಿಥಿ, ಊರಿಗೆಲ್ಲ ಊಟ. ಹೊಲ ಬರಬೇಕಾದ್ದು ಮಗ ಗಡ್ಡಪ್ಪನಿಗೆ. ಅವನಿಗೆ ಅದು ಬೇಕಿಲ್ಲ. ಬೀಡಿ, ಬ್ರಾಂಡಿ ಇದ್ದರೆ ಸಾಕು, ಅಲೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಹೊಲ ಮಾರಬೇಕಾಗಿದೆ. ಅದಕ್ಕಾಗಿ ಜೀವಂತ ಇರುವ ಅಪ್ಪ ಸತ್ತನೆಂದು ಸುಳ್ಳು ಮರಣ ಪತ್ರ ಮಾಡಿಸಲು ಹೊರಡುತ್ತಾನೆ. ನಗು ಬಾರದೆ ಇರುತ್ತದೆಯೇ?

ಇಂಥ ಅಸಂಗತ ಸಂಗತಿ ನಮ್ಮ ಧಮ್ಮ ಕಥೆಗಳಿಗೆ ಹೊಸದಲ್ಲ. ಕಿಸಾ ಗೋತಮಿ ಸತ್ತ ಕೂಸನ್ನು ಎತ್ತಿಕೊಂಡು ಔಷಧಿ ಕೇಳುತ್ತ ತಿರುಗಿದಳು. ಸಾವೇ ಕಾಣದ ಮನೆಯಿಂದ ಸಾಸಿವೆ ತಾ ಎಂದು ಭಗವಾನ್ ಬುದ್ಧರು ಕಳಿಸಿದರು. ಸಿಗಲಾರದ ಸಾಸಿವೆ! ಅವಳು ಸತ್ತ ಕೂಸು ಬದುಕಿದೆ ಎಂದಳು. ತಮ್ಮಣ್ಣ ಬದುಕಿದ ಅಪ್ಪ ಸತ್ತ ಎನ್ನುತ್ತಾನೆ. ಒಬ್ಬಳದು ಮಮತೆ, ಇನ್ನೊಬ್ಬನದು ಅಗತ್ಯ. ಎರಡೂ ಕಡೆ ತೃಷ್ಣೆ ಕಣ್ಣು ಕಟ್ಟಿದೆ. ಆದರೆ ಬುದ್ಧರು ಆ ತಾಯಿಯನ್ನು ನಗೆಪಾಟಲು ಮಾಡಲಿಲ್ಲ. ಪ್ರತಿ ಹೊಸ್ತಿಲಲ್ಲೂ ಅವಳಂತೆಯೇ ಅತ್ತವರು ಸಿಗುವಂತೆ ಮಾಡಿದರು.

ಹಾಗಾದರೆ ಏನೂ ಬೇಡವೆನ್ನುವ ಗಡ್ಡಪ್ಪ ವಿರಾಗಿಯೇ? ಇಲ್ಲಿ ಒಂದು ಪದ ಗಮನಿಸೋಣ. ಪಾಲಿಯ ಉಪೇಕ್ಖಾ ಎಂದರೆ ಸಮಚಿತ್ತ. ಅದೇ ಪದ ಕನ್ನಡದಲ್ಲಿ ಉಪೇಕ್ಷೆಯಾಗಿ, ಅಲಕ್ಷ್ಯ ಎಂಬ ಅರ್ಥ ಪಡೆದಿದೆ. ಗಡ್ಡಪ್ಪನಲ್ಲಿರುವುದು ಹೆಚ್ಚಾಗಿ ಕನ್ನಡದ ಉಪೇಕ್ಷೆ. ಆಸೆ ಇಲ್ಲ, ನಿಜ. ಮಗನ ಚಿಂತೆಯೂ ಇಲ್ಲ. ಮನುಷ್ಯ ಮನುಷ್ಯನೊಡನೆ ಹೇಗಿರಬೇಕು ಎಂಬುದೇ ಧಮ್ಮ ಎಂದು ಬಾಬಾಸಾಹೇಬರು ತಿಳಿಸಿದರು. ಕರುಣೆ ಇಲ್ಲದ ವೈರಾಗ್ಯ ಧಮ್ಮವಾಗಲಾರದು.

"ತಿಥಿ ಅವರದು, ನಮಗೇನು?" ಎಂದು ನಾವು ಸುಮ್ಮನಾಗುವಂತಿಲ್ಲ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಆರನೆಯದು ಶ್ರಾದ್ಧ, ಪಿಂಡದಾನ ಬಿಡಬೇಕೆನ್ನುತ್ತದೆ. ಬಿಟ್ಟಿದ್ದೇವೆ. ಮಂತ್ರದ ಜಾಗದಲ್ಲಿ ವಂದನೆ ಬಂದಿದೆ. ಆದರೆ "ಮಂದಿ ಏನಂದಾರು" ಎಂಬ ಮಾತು ಹೋಗಿದೆಯೇ? ದಿವಸದ ಊಟಕ್ಕೆ ಬಡ್ಡಿ ಸಾಲ ತರುವುದು ನಿಂತಿದೆಯೇ? ನಮ್ಮಲ್ಲಿ ಹೊಲ ಇದ್ದವರೇ ಕಡಿಮೆ. ಅಥಣಿ ರಸ್ತೆಗೆ ಹತ್ತಿದ ಅರ್ಧ ಎಕರೆ ಇದ್ದರೂ, ಅಪ್ಪ ಹಾಸಿಗೆ ಹಿಡಿದಾಗಲೇ ಅಣ್ಣತಮ್ಮಂದಿರು ಉತಾರದಲ್ಲಿ ಹೆಸರು ಹುಡುಕುತ್ತಾರೆ. ಕಾಗದ ಮಾಡಿಸದಿದ್ದರೂ ಮನಸ್ಸಿನಲ್ಲಿ ಮರಣ ಪತ್ರ ಬರೆದಾಗಿರುತ್ತದೆ.

ಆದ್ದರಿಂದ ಆ ಸಿನಿಮಾ ನೋಡಿ ನಗೋಣ. ತಮ್ಮಣ್ಣನಲ್ಲಿ ನಮ್ಮನ್ನು ಕಂಡು ನಕ್ಕರೆ ಆ ನಗುವೂ ಸಮ್ಯಕ್ ದೃಷ್ಟಿಯ ಕಡೆಗೆ ಒಂದು ಹೆಜ್ಜೆ. ಅವನನ್ನು ಕೀಳಾಗಿ ಕಂಡು ನಕ್ಕರೆ ಅದು ಬರೀ ಅಹಂಕಾರ.

ಇಂದು ಮಾಡಬಹುದಾದ್ದು: ಮನೆಯಲ್ಲಿ ಹಿರಿಯರಿದ್ದರೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಮಾತಾಡಿ. ಹೊಲದ ವಿಷಯ ಮಾತ್ರ ಎತ್ತಬೇಡಿ.

ಜೈ ಭೀಮ್.